ವಾಯುಪಡೆಗೆ ಅಪ್ಪ ಬರೆದ ಮನು

ವಿಮಾನ ಹಾರಿಸುವವನಿಗೆ ಮಗಳನ್ನು ಕೊಟ್ಟಿದ್ದೇನೆ ಎಂದು ಅಪ್ಪ ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದ್ದು ಎಂಟೇ ತಿಂಗಳು. ಎಪ್ಪತ್ತರ ದಶಕದ ನಡುಭಾಗ ಅದು. ಮದುವೆಯಾದ ಎಂಟನೇ ತಿಂಗಳಿಗೆ ನಮ್ಮ ಯಜಮಾನರಿಗೆ ಪಂಜಾಬಿನಿಂದ ಅಸ್ಸಾಮಿಗೆ ವರ್ಗವಾಯಿತು. ಅಲ್ಲಿ ಕ್ವಾರ್ಟರ್ಸ್ ಸಿಗುವ ತನಕ ನಾನು ಹೊಸೂರಿನ ಪಕ್ಕದ ಮತ್ತಿಗಿರಿಯ ತವರುಮನೆಗೆ ಬಂದೆ. ಸುದ್ದಿ ಕೇಳಿದ ಅಪ್ಪ ಪೇಪರು ಮಡಿಸಿಟ್ಟು, ಬಾಗಿಲು ಮುಂದಕ್ಕೆಳೆದು, ದನಿ ತಗ್ಗಿಸಿ ಕೇಳಿದ.

“ನಿಜ ಹೇಳಮ್ಮ. ಅಳಿಯಂದ್ರು ಯಾರ್ ತಂಟೆಗೋಗಿದ್ರು?”

ಅಪ್ಪ ಹೊಸೂರು ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ರಿಟೈರಾದವನು. ಅವನ ಲೋಕದಲ್ಲಿ ವರ್ಗ ಎಂದರೆ ಶಿಕ್ಷೆ. ಮೇಲಿನವರ ಕಣ್ಣು ಕೆಂಪಾದರೆ ವರ್ಗ, ಸರಿಯಾದವರ ಕಾಲು ಹಿಡಿದರೆ ರದ್ದು. ಇಡೀ ಸರ್ವಿಸಿನಲ್ಲಿ ಅವನಿಗೆ ಬಂದದ್ದು ಒಂದೇ ಆರ್ಡರು, ಅದೂ ಏರ್ಕಾಡಿನ ಚಳಿ ಬೆಟ್ಟಕ್ಕೆ. ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು, ನನಗೆ ಮೂರು ವರ್ಷ. ಅರ್ಜಿಗೆ ನಮ್ಮ ಕಡೆ ತಮಿಳರಂತೆ ಮನು ಅನ್ನುತ್ತೇವೆ. ಅಪ್ಪ ಮೂರು ಮನು ಬರೆದು, ಎರಡು ಸಲ ಸೇಲಮ್ಮಿಗೆ ಹೋಗಿ ಬಂದು, ಹನ್ನೊಂದೇ ದಿನಕ್ಕೆ ಆ ವರ್ಗವನ್ನು ನಿಲ್ಲಿಸಿದ. ಮನೆಗೆ ಬಂದವರೆಲ್ಲ ಈ ಕತೆ ಕೇಳಲೇಬೇಕಿತ್ತು. ಕತೆ ಶುರುವಾದ ಕೂಡಲೇ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಕಾಫಿ ಮಾಡಲು ಅಂತ ನಾವು ತಿಳಿದಿದ್ದೆವು.

ಅಪ್ಪನಿಗೆ ನಾನು ಬಿಡಿಸಿ ಬಿಡಿಸಿ ಹೇಳಿದೆ. ವಾಯುಪಡೆಯಲ್ಲಿ ವರ್ಗ ಶಿಕ್ಷೆಯಲ್ಲ, ಒಂದು ಕಡೆ ಎರಡು ವರ್ಷ ಇದ್ದರೆ ಅದೇ ಹೆಚ್ಚು, ಎಲ್ಲರಿಗೂ ಹೀಗೇ ಎಂದೆ. ಅಪ್ಪ ತಲೆಯಾಡಿಸುತ್ತ ಕೇಳಿಸಿಕೊಂಡ. ಕದ್ದವನು ತಾನು ಕದ್ದಿಲ್ಲ ಅನ್ನುವುದನ್ನು ಕೇಳಿಸಿಕೊಳ್ಳುವ ರೀತಿ ಅದು.

ಐದು ವರ್ಷದಲ್ಲಿ ನಾಲ್ಕು ಊರು ಕಂಡೆ. ಒಂದೂರಿನ ಕಿಟಕಿಗೆ ಹೊಲಿಸಿದ ಪರದೆ ಇನ್ನೊಂದೂರಿನ ಕಿಟಕಿಗೆ ಮೊಣಕಾಲುದ್ದ. ಅಸ್ಸಾಮಿನಲ್ಲಿ ಬದನೆ ಗಿಡ ಹಾಕಿದೆ, ಹೂ ಬಿಡುವ ಹೊತ್ತಿಗೆ ಆರ್ಡರು ಬಂತು. ನನ್ನ ಬದನೆಕಾಯಿ ಯಾರೋ ತಿಂದರು. ರಾಜಸ್ಥಾನದ ಮನೆಗೆ ಹೋದರೆ ಹಿಂದಿದ್ದವರು ಹಾಕಿದ ಅವರೆ ಬಳ್ಳಿ ತುಂಬ ಕಾಯಿ. ಹುಳಿ ಮಾಡಿ ತಿನ್ನುತ್ತ, ಪಾಪ, ಯಾವ ತಾಯಿ ನೀರು ಹೊಯ್ದಿದ್ದಳೋ ಎಂದು ಕಣ್ಣೀರು ಹಾಕಿದೆ, ಎರಡನೇ ಸಲ ಬಡಿಸಿಕೊಂಡೆ ಕೂಡ.

ಮಗುವಿನ ವಿಚಾರವೂ ಬದನೆ ಗಿಡದಂತೆಯೇ ಆಯಿತು. “ಈ ಪೋಸ್ಟಿಂಗ್ ಒಂದು ಮುಗೀಲಿ” ಎಂದು ಯಜಮಾನರು ಅನ್ನುವುದು, ನಾನು ಹೂಂ ಅನ್ನುವುದು. ಅದು ಮುಗಿದರೆ ಇನ್ನೊಂದು. ನಡುವೆ ಕ್ವಾರ್ಟರ್ಸ್ ಇಲ್ಲದ ಕಾಲದಲ್ಲಿ ನಾನು ಮತ್ತಿಗಿರಿ, ಅವರು ಮೆಸ್ಸು. ಹೊಸ ಮದುವೆಯವರಿಗೆ ಆಷಾಢ ಒಂದು ತಿಂಗಳು, ನಮಗೆ ವರ್ಷವೆಲ್ಲ ಆಷಾಢ. ಪಕ್ಕದ ಮನೆಯ ಅಳಿಯ ಹೊಸೂರಿನ ಫ್ಯಾಕ್ಟರಿಯಲ್ಲಿದ್ದ. ಟಿಫನ್ ಕ್ಯಾರಿಯರ್ ತಗುಲಿಸಿದ ಸೈಕಲ್ಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಐದೂವರೆಗೆ ಬರುತ್ತಿದ್ದ. ಐದು ವರ್ಷದಲ್ಲಿ ಅವರಿಗೆ ಮೂರು ಮಕ್ಕಳು. ಆ ಸೈಕಲ್ ಬೆಲ್ಲು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ನಮ್ಮನ್ನು ನಂಬಿದರೆ ಆಗದು ಅಂತಲೋ ಏನೋ, ಮಗುವೇ ತೀರ್ಮಾನ ಮಾಡಿ ಬಂತು. ಏಳನೇ ತಿಂಗಳಿಗೆ ನಾನು ರಾಜಸ್ಥಾನದಿಂದ ತವರಿಗೆ ಬಂದು ಇಳಿದೆ. ಹಿಂದೆಯೇ ಯಜಮಾನರ ಕಾಗದ ಬಂತು, ಆಗ್ರಾಕ್ಕೆ ವರ್ಗವಾಗಿದೆ, ಹೆರಿಗೆ ಹೊತ್ತಿಗೆ ರಜ ಸಿಗುವುದು ಅನುಮಾನ ಎಂದು.

“ಇನ್ ನೀನ್ ಸುಮ್ಕಿರು. ನಾನ್ ನೋಡ್ಕೊತೀನಿ” ಎಂದ ಅಪ್ಪ.

ನೋಡಿಕೊಂಡದ್ದು ಏನೆಂದು ನನಗೆ ತಿಳಿಯುವ ಹೊತ್ತಿಗೆ ಅದು ರಿಜಿಸ್ಟರ್ ಪೋಸ್ಟಿನಲ್ಲಿ ಹೋಗಿಯಾಗಿತ್ತು. ಅಳಿಯನ ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಮನು, ಹೊಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪು ಮಾಡಿಸಿದ್ದು. ಕಾರ್ಬನ್ ಕಾಪಿ ತೋರಿಸಿದ. ತನ್ನ ಮಗಳು ಚೊಚ್ಚಲು ಬಸುರಿ, ಅಳಿಯ ಯಾರ ತಂಟೆಗೂ ಹೋಗುವವನಲ್ಲ, ಹೋಗಿದ್ದರೂ ಅವನ ಪರವಾಗಿ ತಾನೇ ಕ್ಷಮೆ ಬೇಡುತ್ತೇನೆ ಎಂದಿತ್ತು. ಆದ್ದರಿಂದ ದಯಮಾಡಿ ಅವನನ್ನು ಬೆಂಗಳೂರಿಗೆ ಹಾಕಬೇಕು. ಬೆಂಗಳೂರಿನಲ್ಲಿ ಜಾಗ ಖಾಲಿ ಇಲ್ಲದಿದ್ದರೆ ಹೊಸೂರಾದರೂ ಆದೀತು, ಇಲ್ಲಿ ವಿಮಾನ ನಿಲ್ದಾಣ ಇಲ್ಲದಿದ್ದರೂ ಬಯಲು ಧಾರಾಳವಾಗಿದೆ.

ಯಜಮಾನರ ಮಾನ, ಕೆಲಸ ಎರಡೂ ಹೋಯಿತು ಅಂದುಕೊಂಡೆ. ಅಪ್ಪನ ಮುಖಕ್ಕೇ “ನಿನಗೆ ಬುದ್ಧಿ ಇಲ್ಲ” ಎಂದುಬಿಟ್ಟೆ, ಎರಡು ದಿನ ಮಾತು ಬಿಟ್ಟೆ. ಆಮೇಲೆ ಬಂದ ಯಜಮಾನರ ಕಾಗದ ನೋಡಿದರೆ, ಮೇಲಧಿಕಾರಿ ಅವರನ್ನು ಕರೆಸಿ ಆ ಮನುವನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದರಂತೆ. ಬಯಲಿನ ಸಾಲನ್ನು ಎರಡು ಸಲ. ನಿನ್ನ ಮಾವನನ್ನು ನನ್ನ ಆಫೀಸಿಗೆ ಕಳಿಸಿಕೊಡುತ್ತೀಯಾ ಎಂದು ಕೇಳಿದರಂತೆ.

ಅಪ್ಪನಿಗೂ ಒಂದು ಸಾಲಿನ ಉತ್ತರ ಬಂತು, “ಪರಿಶೀಲಿಸಲಾಗುವುದು” ಎಂದು. ಇದೇ ಮಾತನ್ನು ಮೂವತ್ತು ವರ್ಷ ಬೇರೆಯವರ ಮನುಗಳ ಮೇಲೆ ಬರೆದು ಕಟ್ಟಿ ಅಟ್ಟಕ್ಕೆ ಎಸೆದವನು ಅಪ್ಪ. ತನಗೆ ಬಂದಾಗ ಮಾತ್ರ ಅದನ್ನು ನಂಬಿ, ಊರಿಗೆಲ್ಲ ತೋರಿಸಿಕೊಂಡು ಬಂದ.

ಮಗಳು ಹುಟ್ಟಿದಳು. ರಜ ಸಿಗಲಿಲ್ಲ, ತಂತಿ ಮಾತ್ರ ಬಂತು. ಬಾಣಂತನದ ಐದು ತಿಂಗಳು ಮುಗಿಯುವಷ್ಟರಲ್ಲಿ ಆಗ್ರಾದಲ್ಲಿ ಕ್ವಾರ್ಟರ್ಸ್ ಸಿಕ್ಕಿತು, ಹೊರಟು ಬಾ ಎಂದು ಯಜಮಾನರು ಬರೆದರು. ಅವರು ಇನ್ನೂ ಮಗುವಿನ ಮುಖ ನೋಡಿರಲಿಲ್ಲ.

ಅಪ್ಪ ಅಡ್ಡ ನಿಂತ. “ಮನು ತೀರ್ಮಾನ ಆಗ್ಲಿ ಕಣಮ್ಮ, ಇನ್ ಮೂರೇ ತಿಂಗ್ಳು. ಎಳೇ ಕೂಸು ಎತ್ಕೊಂಡು ಅಷ್ಟ್ ದೂರ ಯಾಕೆ? ಅಲ್ಲೇನೈತೆ? ತಾಜ್ ಮಹಲ್ ನಮ್ಮ ಕ್ಯಾಲೆಂಡರ್‌ನಾಗೇ ಐತೆ.”

ನಿಜ ಹೇಳುತ್ತೇನೆ, ನಾನು ಒಪ್ಪಿದ್ದೆ. ಟ್ರಂಕು ಕಟ್ಟಿ ಬಿಚ್ಚಿ ನನಗೂ ಸಾಕಾಗಿತ್ತು. ಮೂರು ತಿಂಗಳು ಆರಾಗುತ್ತದೆ, ಆರು ವರ್ಷವಾಗುತ್ತದೆ, ಮಗಳು ಅಪ್ಪನನ್ನು ಫೋಟೋದಲ್ಲಿ ಗುರುತು ಹಿಡಿಯುತ್ತಾಳೆ ಎಂದು ಗೊತ್ತಿದ್ದೂ ಒಪ್ಪಿದ್ದೆ. ಬರುವುದಿಲ್ಲ ಎಂದು ಕಾಗದ ಬರೆಯಲು ಕೂತೂ ಬಿಟ್ಟೆ.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಒಂದು ಸ್ವೆಟರ್ ತಂದು ನನ್ನ ಮುಂದೆ ಹಾಕಿದಳು. ಮೆರೂನ್ ಬಣ್ಣದ್ದು, ಹೆಂಗಸರದ್ದು, ಒಂದು ಸಲವೂ ತೊಟ್ಟಿದ್ದಲ್ಲ. ಮಡಿಕೆಯ ಗೆರೆಗಳಲ್ಲಿ ಬಣ್ಣ ಹೋಗಿತ್ತು.

“ಏರ್ಕಾಡಿಗೆ ಅಂತ ತಗೊಂಡಿದ್ದೆ. ಬೆಂಗ್ಳೂರಿಗೋಗಿ ತಂದಿದ್ದೆ. ಪಾತ್ರೆ ಎಲ್ಲಾ ಗೋಣಿಚೀಲಕ್ಕೆ ತುಂಬಿದ್ದೆ. ನಿಮ್ಮಪ್ಪ ಹನ್ನೊಂದೇ ದಿನಕ್ಕೆ ನಿಲ್ಲಿಸ್ಬುಟ್ರು” ಎಂದಳು.

ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ. “ಹೇಳ್ಬಾರ್ದಾಗಿತ್ತಾ?”

“ಕೇಳಿದ್ರಾ?” ಎಂದಳು ಅಮ್ಮ. ಮತ್ತೆ ನನ್ನ ಕಡೆ ತಿರುಗಿ, “ಈ ಮನೆ ಬಚ್ಚಲಿಂದ ಹಿತ್ತಲಿಗೆ ಮೂವತ್ ವರ್ಷ ಓಡಾಡಿವ್ನಿ ಕಣೆ. ನೀನ್ ಹೊರಡು. ಕೂಸು ಎತ್ಕೊಳ್ಳಾಕೆ ನಾನ್ ಬತ್ತೀನಿ” ಎಂದಳು.

ಅಪ್ಪ ಅವತ್ತು ಊಟ ಮಾಡದೆ ಎದ್ದ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಸಂಜೆ ದಿಲ್ಲಿ ರೈಲಿಗೆ ಎರಡು ಟಿಕೆಟ್ ತಂದು ದೇವರ ಮುಂದೆ ಇಟ್ಟ. ಹೊರಡುವ ದಿನ ರಾಗಿಹಿಟ್ಟಿನ ಡಬ್ಬ ತಾನೇ ಹೊತ್ತು ಸ್ಟೇಷನ್ನಿಗೆ ಬಂದ.

ರೈಲಿನಲ್ಲಿ ಅಮ್ಮ ಮಗುವನ್ನು ಎತ್ತಿಕೊಂಡದ್ದು ಕಡಿಮೆ. ಕಿಟಕಿ ಬಿಟ್ಟು ಏಳಲಿಲ್ಲ. ಪ್ರತಿ ಸ್ಟೇಷನ್ನಿನ ಹೆಸರು ಕೇಳಿದಳು, ಮಾರಲು ಬಂದದ್ದನ್ನೆಲ್ಲ ತಿಂದಳು. ಎದುರಿಗಿದ್ದ ಮರಾಠಿ ಹೆಂಗಸಿನೊಡನೆ ತೆಲುಗು, ತಮಿಳು, ಕನ್ನಡ ಬೆರೆಸಿ ಮಾತಾಡಿದಳು. ಆ ಹೆಂಗಸಿಗೆ ಏನು ಅರ್ಥವಾಯಿತೋ, ಇಳಿಯುವಾಗ ಅಮ್ಮನ ಕೈ ಹಿಡಿದು ಅತ್ತು ಹೋದಳು. ಚಳಿಗಾಲ ಶುರುವಾಗಿತ್ತು. ಭೋಪಾಲ್ ದಾಟಿದ ಮೇಲೆ ಅಮ್ಮ ಸ್ವೆಟರ್ ತೊಟ್ಟುಕೊಂಡಳು. ಅದು ಬಿಗಿಯಾಗಿತ್ತು, ಗುಂಡಿ ಕೂಡಲಿಲ್ಲ.

ಆಗ್ರಾ ಸ್ಟೇಷನ್ನಿನಲ್ಲಿ ಯಜಮಾನರು ಮಗುವನ್ನು ಎತ್ತಿಕೊಂಡರು. ಅವಳು ಅವರ ಮೀಸೆ ನೋಡಿ ಕಿರುಚಿಕೊಂಡಳು. ಅವರು ಕಣ್ಣು ತುಂಬಿಕೊಂಡು ನಗುತ್ತಲೇ ಇದ್ದರು. ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ, ತಡೆಯಲಾರದೆ, ಸುದ್ದಿ ಹೇಳಿಬಿಟ್ಟರು. ನಿನ್ನೆ ಆರ್ಡರು ಬಂದಿದೆಯಂತೆ, ಬೆಂಗಳೂರಿಗೆ. ಆರು ವಾರದಲ್ಲಿ ಹೊರಡಬೇಕಂತೆ.

ಐದು ವರ್ಷ ನಾನು ಹರಕೆ ಹೊತ್ತದ್ದು ಇದಕ್ಕೇ. ಜೋರಾಗಿ ನಕ್ಕುಬಿಟ್ಟೆ. ಅಪ್ಪನನ್ನು ಇನ್ನು ಹಿಡಿಯುವವರು ಯಾರು, ಮತ್ತಿಗಿರಿಯವರೆಲ್ಲ ಮನು ಬರೆಸಲು ನಮ್ಮ ಮನೆ ಮುಂದೆ ಸಾಲು ನಿಲ್ಲುತ್ತಾರೆ ಎಂದೆ. ಹಾಗೇ ಆಯಿತು ಕೂಡ. ಆದರೆ ಅವತ್ತು ಯಜಮಾನರು ನಗಲಿಲ್ಲ. ಮುಂದಿನ ಸೀಟಿನಿಂದ ತಿರುಗಿ, ನನ್ನ ಪಕ್ಕದಲ್ಲಿದ್ದ ಅಮ್ಮನನ್ನು ಕಣ್ಣಿನಲ್ಲೇ ತೋರಿಸಿ, “ಅತ್ತೆ ಯಾಕೆ ಅಳ್ತಾವ್ರೆ?” ಎಂದು ಪಿಸುಗುಟ್ಟಿದರು.

“ಖುಷಿಗೆ” ಎಂದೆ.

ಅಮ್ಮ ಅಳಿಯನ ಜೊತೆ ನೇರ ಮಾತಾಡಿದವಳೇ ಅಲ್ಲ, ಏನಿದ್ದರೂ ನನ್ನ ಮೂಲಕ. ಅವತ್ತು ಮುಖ ಒರೆಸಿಕೊಳ್ಳದೆ ಅವರನ್ನೇ ನೋಡಿ ಹೇಳಿದಳು.

“ಖುಷಿಗಲ್ಲ ಕಣ್ರಪ್ಪ. ನಾನು ಈಗ್ತಾನೆ ಬಂದಿವ್ನಿ.”