ಯಾರ ಒಟ್ಟಿಗೆ ಉಣ್ಣುದು

ಬೆಳಗಿನ ಹೊತ್ತು ಸುಳ್ಯದಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕವರ ಮಡಿಲು ನಿಂತ ಮಕ್ಕಳ ಬ್ಯಾಗುಗಳಿಗೆ ಸೇರಿದ್ದು. ಕೆಲಸಕ್ಕೆ ಹೊರಟಿದ್ದ ನನ್ನ ಮಡಿಲಿಗೂ ಆ ದಿನ ಕಾಲೇಜು ಹುಡುಗಿಯೊಬ್ಬಳ ಬ್ಯಾಗು ಬಂತು. ಒಳಗಿನ ಬುತ್ತಿ ಇನ್ನೂ ಬಿಸಿಯಾಗಿತ್ತು.

“ಬುತ್ತಿಗೆ ಎಂತ ಮಗಾ?” ಎಂದೆ.

“ಪುಂಡಿ, ಕಡ್ಲೆ ಗಸಿ.”

“ಪೂರ್ತಿ ತಿಂತೀಯಾ?”

“ಉಳಿಯುದೇ ಇಲ್ಲ ಅಕ್ಕ.”

ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಒಂಬತ್ತನೇ ಕ್ಲಾಸಿಗೆ ಹೊಸ ಶಾಲೆ ಸೇರಿದ ನನ್ನ ಮಗಳು ದಿನಾ ಅರ್ಧ ಬುತ್ತಿ ವಾಪಸು ತರುತ್ತಿದ್ದಳು. ಚಿತ್ರಾನ್ನ, ಚಪಾತಿ, ಪಲಾವ್ ಎಂದು ಬದಲಾಯಿಸಿ ನಾನು ಸೋತಿದ್ದೆ. ಅದನ್ನೆಲ್ಲ ಹೇಳಿ, “ಇನ್ನು ಎಂತ ಮಾಡಿ ಕೊಡುದು, ನೀನೇ ಹೇಳು” ಎಂದೆ.

ಹುಡುಗಿ ಕಂಬಿ ಹಿಡಿದುಕೊಂಡು ಯೋಚಿಸಿದಳು. “ಅವಳು ಯಾರ ಒಟ್ಟಿಗೆ ಕೂತು ಉಣ್ಣುದು ಅಕ್ಕ?”

ನನಗೆ ಗೊತ್ತಿರಲಿಲ್ಲ. ರುಚಿ ಇಲ್ಲವಾ, ತಣ್ಣಗಾಗಿತ್ತಾ ಎಂದೆಲ್ಲ ಮಗಳನ್ನು ಕೇಳಿದ್ದೆ. ಇದನ್ನು ಕೇಳಿರಲಿಲ್ಲ.

ಸಂಜೆ ಕೇಳಿದೆ. “ಯಾರೂ ಇಲ್ಲ. ಒಬ್ಬಳೇ ತಿನ್ನುವಾಗ ಎಲ್ಲರೂ ನೋಡ್ತಾರೆ. ಅದಕ್ಕೆ ಬೇಗ ಮುಚ್ಚಿಡುದು” ಎಂದಳು, ನನ್ನ ಮುಖ ನೋಡದೆ.

ಮರುದಿನ ಇಬ್ಬರಿಗಾಗುವಷ್ಟು ನೀರುದೋಸೆ, ಚಟ್ನಿ ಹಾಕಿ, “ಕ್ಲಾಸಲ್ಲಿ ಪಕ್ಕ ಕೂರುವವಳಿಗೂ ಕೊಡು” ಎಂದೆ. ಗೊಣಗುತ್ತಾ ಒಯ್ದಳು. ಕೆಲವು ದಿನ ಬುತ್ತಿ ಮೊದಲಿಗಿಂತ ಭಾರವಾಗಿಯೇ ವಾಪಸು ಬಂತು. ಆಮೇಲೊಂದು ಸಂಜೆ ಖಾಲಿ ಬಂತು.

“ಆಯಿಷಾ ತಿಂದ್ಲು” ಎಂದಳು ಮಗಳು. “ಚಟ್ನಿಗೆ ಉಪ್ಪು ಸಾಲದು ಅಂತ ಹೇಳಿದ್ಲು.”

ಅಷ್ಟರವರೆಗೆ ನನ್ನ ಅಡುಗೆಗೆ ಕೊರತೆ ಹೇಳುವವರು ಮನೆಯೊಳಗೆ ಮಾತ್ರ ಇದ್ದರು. ಮರುದಿನ ಚಟ್ನಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿದೆ.