ಸೂರು ಮುಟ್ಟದ ಗೋಡೆ

ಕೂಡ್ಲಿಗಿಯಲ್ಲಿ ನಾವು ಹದಿನಾರು ವರ್ಷ ಬಾಡಿಗೆಗಿದ್ದ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಟ್ಟಿಸಿದವರಿಗೆ ಕಲ್ಲು ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ, ಅದು ಮೇಲಿನ ತಗಡಿನವರೆಗೆ ಹೋಗದೆ ಒಂದು ಮೊಳ ಕೆಳಗೇ ನಿಂತುಬಿಟ್ಟಿತ್ತು. ಆ ಒಂದು ಮೊಳದ ಸಂದಿನಿಂದ ಅವರ ಒಗ್ಗರಣೆಯ ಘಾಟು ನಮ್ಮ ಮನೆಗೆ ಬರುತ್ತಿತ್ತು, ನಮ್ಮ ರೇಡಿಯೊ ವಾರ್ತೆ ಅವರ ಮನೆಗೆ ಹೋಗುತ್ತಿತ್ತು. ಸಂಜೆಯಾದರೆ ಆಚೆಯಿಂದ ರೊಟ್ಟಿ ಬಡಿಯುವ ಸದ್ದು. ಬಡಿಯುವವಳ ಮನಸ್ಸು ಇವತ್ತು ಹೇಗಿದೆ ಅಂತ ಆ ಸದ್ದಿನಲ್ಲೇ ನನಗೆ ತಿಳಿಯುತ್ತಿತ್ತು. ನನ್ನ ಮನಸ್ಸು ಅವಳಿಗೆ ತಿಳಿಯಲು ಅಷ್ಟು ಕಷ್ಟವೂ ಇರಲಿಲ್ಲ, ಯಾಕೆಂದರೆ ನಾನು ಬಾಯಿ ಬಿಟ್ಟು ಪ್ರಾರ್ಥನೆ ಮಾಡುವವಳು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗುಡೇಕೋಟೆ ದಾರಿಯ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಟೀಚರ್, ನಮ್ಮವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ನಮ್ಮ ಕ್ರೈಸ್ತ ಸಭೆ ಅಂದರೆ ಒಟ್ಟು ಹದಿನಾಲ್ಕು ಕುಟುಂಬ. ಸಭಾಪಾಲಕರು ಹಗರಿಬೊಮ್ಮನಹಳ್ಳಿಯಿಂದ ತಿಂಗಳಿಗೆ ಎರಡು ಭಾನುವಾರ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಸಭೆಯ ಜೀವವೆಲ್ಲ ಬುಧವಾರ ಸಂಜೆಯ ಹೆಂಗಸರ ಕೂಟದಲ್ಲಿ. ನಮ್ಮ ಪಡಸಾಲೆ ದೊಡ್ಡದೆಂದು ಅದು ನಮ್ಮಲ್ಲೇ ನಡೆಯುತ್ತಿತ್ತು. ಚಾಪೆ ಹಾಸಿ, ಎರಡು ಹಾಡು ಹಾಡಿ, ವಾಕ್ಯ ಓದಿ, ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡುವುದು. ಕೊನೆಯ ಪ್ರಾರ್ಥನೆ ಯಾವಾಗಲೂ ನನ್ನದು. "ಟೀಚರ್ ಪ್ರಾರ್ಥನಿಗಿ ಕುಂತ್ರ ಎದಿ ಝಲ್ ಅಂತೈತಿ ನೋಡ್ರಿ" ಎಂದು ಕೂಟದ ಹಿರಿಯಮ್ಮ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು, ಮುಚ್ಚಿಡುವುದೇಕೆ.

ಆದರೆ ನನ್ನ ಪ್ರಾರ್ಥನೆಯಲ್ಲಿ ಒಂದು ಕೆಟ್ಟ ಚಾಳಿ ಸೇರಿಕೊಂಡಿತ್ತು. ಎದುರಿಗೆ ಹೇಳಲಾಗದ್ದನ್ನೆಲ್ಲ ನಾನು ದೇವರಿಗೆ ಹೇಳುತ್ತಿದ್ದೆ, ಹೇಳಬೇಕಾದವರಿಗೆ ಕೇಳಿಸುವಂತೆ. "ಕರ್ತನೇ, ಈ ಮನೆಯ ಯಜಮಾನರಿಗೆ ಆರಾಧನೆಯಲ್ಲಿ ತೂಕಡಿಸದ ಕಣ್ಣು ಕೊಡು. ಮೂರು ತಿಂಗಳಿಂದ ಹೇಳುತ್ತಿರುವ ನಲ್ಲಿಯ ವಾಷರ್ ತರುವ ನೆನಪು ಕೊಡು. ಅವರ ಸೋಮಾರಿತನವನ್ನು ಕಿತ್ತುಹಾಕು." ಯಜಮಾನರು ಹೊರಗೆ ಕಟ್ಟೆಯ ಮೇಲೇ ಕೂತಿರುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಆಮೆನ್ ಅನ್ನುವವರು ಅವರೇ. ಒಂದು ಸಲ ಮಾತ್ರ ಕೇಳಿದ್ದರು, "ದೇವರಿಗಿ ಹೇಳ್ತಿಯೋ, ನನಗ ಹೇಳ್ತಿಯೋ?" "ಇಬ್ಬರಿಗೂ" ಅಂದಿದ್ದೆ. ಅವರು ನಕ್ಕರು.

ಪಕ್ಕದ ಮನೆಯವಳು ನನಗಿಂತ ಆರೇಳು ವರ್ಷ ಚಿಕ್ಕವಳು. ಗಂಡನದು ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ. ಲಿಂಗ ಕಟ್ಟಿದ ಮನೆತನ, ಮುಂಜಾನೆ ವಿಭೂತಿ ಹಚ್ಚದೆ ನೀರು ಸಹ ಕುಡಿಯುತ್ತಿರಲಿಲ್ಲ. ನನ್ನನ್ನು ಬಾಯ್ತುಂಬ ಅಕ್ಕಾ ಅನ್ನುತ್ತಿದ್ದಳು. ಯುಗಾದಿಗೆ ಅವಳ ಹೋಳಿಗೆ ನಮಗೆ, ಕ್ರಿಸ್ಮಸ್‌ಗೆ ನನ್ನ ಕರ್ಜಿಕಾಯಿ ಅವರಿಗೆ. ಬುಧವಾರ ನಾವು ಹಾಡುತ್ತಿದ್ದ ಹಾಡಿನ ಧಾಟಿ ಗುರುವಾರ ಅವಳ ರೊಟ್ಟಿ ಬಡಿತಕ್ಕೆ ಸೇರಿಕೊಂಡಿರುತ್ತಿತ್ತು. ತಂಗಿಯಿಲ್ಲದ ನನಗೆ ಅವಳೇ ತಂಗಿ.

ಹೀಗಿರುವಾಗ ನನ್ನ ಮಗಳಿಗೆ ಹಡಗಲಿ ಕಡೆಯ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲ್ ಮೇಷ್ಟ್ರು, ಅವರೂ ನಮ್ಮ ಹಾಗೆ ಕ್ರೈಸ್ತರೇ. ಮಗಳು ಆಗಷ್ಟೇ ಟೀಚರ್ ತರಬೇತಿ ಟಿ.ಸಿ.ಎಚ್. ಮುಗಿಸಿದ್ದಳು. ಅವಳು ಬಾಯಿ ಬಿಟ್ಟು ಏನೂ ಹೇಳುವವಳಲ್ಲ, ಆದರೆ ಹುಡುಗನ ಫೋಟೊ ಬಂದ ದಿನದಿಂದ ಪಾತ್ರೆ ತಿಕ್ಕುವಾಗಲೂ ಗುನುಗುತ್ತಿದ್ದಳು. ಹುಡುಗನ ತಾಯಿ ಮನೆ ನೋಡಲು ಬಂದದ್ದು ಒಂದು ಬುಧವಾರ. ಒಳ್ಳೆಯದೇ ಆಯಿತು, ನಮ್ಮ ಭಕ್ತಿಯನ್ನೂ ನೋಡಲಿ ಅಂತ ಅವರನ್ನು ಕೂಟದಲ್ಲೇ ಕೂರಿಸಿಕೊಂಡೆ. ಆವತ್ತು ನನ್ನ ಪ್ರಾರ್ಥನೆಗೆ ಇನ್ನಷ್ಟು ರೆಕ್ಕೆ ಬಂದಿತ್ತು. ಕೂಟ ಮುಗಿದು ಚಹಾ ಆದ ಮೇಲೆ ಆ ತಾಯಿ ಪಕ್ಕದ ಮನೆಗೆ ಹೋಗಿ ಅರ್ಧ ತಾಸು ಕೂತು ಬಂದರು. ಹೆಣ್ಣು ತರುವವರು ನೆರೆಯವರನ್ನು ವಿಚಾರಿಸುವುದು ಎಲ್ಲ ಕಡೆಯೂ ಇದ್ದದ್ದೇ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ನಡುವಿನವರ ಮೂಲಕ ಮಾತು ಬಂತು: "ಸದ್ಯಕ್ಕ ಬ್ಯಾಡ ಅಂದಾರ." ಕಾರಣ ಹೇಳಲಿಲ್ಲ. ಮಗಳು ಫೋಟೊವನ್ನು ಟ್ರಂಕಿನ ತಳಕ್ಕೆ ಹಾಕಿದಳು, ಗುನುಗುವುದನ್ನು ನಿಲ್ಲಿಸಿದಳು.  ಆ ಅರ್ಧ ತಾಸಿನಲ್ಲಿ ಗೋಡೆಯಾಚೆ ಏನು ನಡೆಯಿತು? ಇವಳು ಏನು ಹೇಳಿದಳು? ಆವತ್ತಿನಿಂದ ಅವಳು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಎದುರಿಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಬುಧವಾರಕ್ಕಾಗಿ ಕಾದೆ.

"ಕರ್ತನೇ, ಈ ಗೋಡೆಯ ಆಚೆ ಒಂದು ನಾಲಿಗೆ ಇದೆ. ಉಂಡ ಮನೆಗೆ ಎರಡು ಬಗೆದ ನಾಲಿಗೆ. ನನ್ನ ಮಗಳ ಬಾಳಿಗೆ ಅದು ಅಡ್ಡ ಬಂದಿದೆ. ಆದರೂ ತಂದೆಯೇ, ಆ ನಾಲಿಗೆಯನ್ನು ಕ್ಷಮಿಸು. ನಾನೂ ಕ್ಷಮಿಸಿದ್ದೇನೆ." ಹೀಗೆ ಶುರುವಾದದ್ದು ಎಷ್ಟು ಹೊತ್ತು ನಡೆಯಿತೋ. ನಡುವೆ ಎಲ್ಲೋ ರೊಟ್ಟಿ ಬಡಿಯುವ ಸದ್ದು ನಿಂತಿತು. ನಿಂತದ್ದು ನನಗೆ ಕೇಳಿಸಿತು, ನಾನು ದನಿಯನ್ನು ಇನ್ನೊಂದು ಮೆಟ್ಟಿಲು ಏರಿಸಿದೆ. ಆಮೆನ್ ಅಂದು ಕಣ್ಣು ತೆರೆದಾಗ ಮೈಯೆಲ್ಲ ಹಗುರವಾಗಿತ್ತು. ವೈರಿಗಾಗಿ ಪ್ರಾರ್ಥಿಸಿದೆನಲ್ಲ ಅಂತ ನನ್ನ ಬಗ್ಗೆ ನನಗೇ ಹೆಮ್ಮೆ. ಆವತ್ತು ಹೊಟ್ಟೆ ತುಂಬ ಉಂಡೆ.

ಮರುದಿನದಿಂದ ನಾನು ಅವಳ ಬಾಯಲ್ಲಿ ಟೀಚರಮ್ಮ ಆದೆ. ಅಕ್ಕಾ ಅನ್ನುವ ಮಾತು ಹೋಯಿತು. ರೊಟ್ಟಿಯನ್ನು ಸದ್ದೇ ಬರದ ಹಾಗೆ ಬಡಿಯಲು ಕಲಿತಳು.

ಒಂದೂವರೆ ತಿಂಗಳಾದ ಮೇಲೆ ಸಭೆಯಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ಬಂತು. ಯಾರ ಮೇಲಾದರೂ ಮುನಿಸಿದ್ದರೆ ಸರಿಮಾಡಿಕೊಂಡೇ ರೊಟ್ಟಿಗೂ ಪಾತ್ರೆಗೂ ಕೈ ಚಾಚಬೇಕೆಂದು ಸಭಾಪಾಲಕರು ಹಿಂದಿನ ಸಲ ಬಂದಾಗಲೇ ಹೇಳಿ ಹೋಗಿದ್ದರು. ಶನಿವಾರ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಅವಳೊಬ್ಬಳೇ ಇದ್ದಳು. ದೊಡ್ಡ ಮನಸ್ಸು ಮಾಡಿ ಹೋದೆ. "ನೋಡವ್ವಾ, ಆದದ್ದು ಆತು. ನಾ ನಿನ್ನ ಕ್ಷಮಿಸೀನಿ" ಅಂದೆ.

ಅವಳು ಕೊಡವನ್ನು ಕುಕ್ಕಿದಳು. "ಏನಂತ ಕ್ಷಮಿಸೀರಿ? ನಾ ಏನ್ ಅಂದೀನಿ ಅಂತ ಕ್ಷಮಿಸೀರಿ, ಟೀಚರಮ್ಮ? ಆಯಮ್ಮ ನನ್ನ ಕೇಳಿದ್ದು ಒಂದಾ ಮಾತು. 'ಈಕಿ ದಿನಾ ಹಿಂಗ ಗಂಡನ ಮರ್ಯಾದಿ ದೇವರ ಮುಂದ ಹರಾಜ್ ಹಾಕ್ತಾಳೇನು? ಮಗಳೂ ಇದನ್ನಾ ಕಲ್ತಿದ್ರ ನನ್ನ ಮಗನ ಗತಿ ಏನು?' ಅಂದ್ರು. ಹಂಗಲ್ಲ ಯಮ್ಮಾ, ನಮ್ಮಕ್ಕನ ಬಾಯಿ ಖಾರ, ಮನಸು ಬೆಣ್ಣಿ, ಹುಡುಗಿ ಥೇಟ್ ಅಪ್ಪನ ಹಂಗ ಅಂತ ಹೇಳಿ ಹೇಳಿ ನನಗ ಸಾಕಾತು. ಅವರು ಒಪ್ಪಲಿಲ್ಲ. ಇದನ್ನ ನಿಮಗ ಹೆಂಗ ಹೇಳ್ಲಿ ಅಂತ ನಿಮ್ಮ ಮುಖ ನೋಡಾಕ ಆಗಲಿಲ್ಲ ನನಗ. ನೀವು ನೋಡಿದ್ರ ಹತ್ತು ಮಂದಿ ಕುಂಡ್ರಿಸ್ಕೊಂಡು ನನ್ನ ನಾಲಿಗಿ ಹಿಡಿದು ಜಗ್ಗಿದ್ರಿ." ಅಳುತ್ತಲೇ ಕೊಡ ಹೊತ್ತುಕೊಂಡು ಹೋದಳು. ನನ್ನ ಕೊಡ ತುಂಬಿ ಹರಿದು ಕಾಲು ನೆನೆದದ್ದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಆವತ್ತು ಚಾ ಕೊಡಾಕ ಬಂದಾಗ ಆಯಮ್ಮನ ಮುಖ ನೋಡಿದ್ದೆ, ಅಮ್ಮಾ. ನನಗ ಆಗಲೇ ಗೊತ್ತಾಗಿತ್ತು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮುಂದಿನ ಬುಧವಾರ ನನ್ನ ಪಾಳಿ ಬರ್ತಿತ್ತು."

ಯಾರ ಬೈಗುಳವೂ ನನ್ನನ್ನು ಅಷ್ಟು ಇರಿದಿಲ್ಲ. ಹೊರಗೆ ಕಟ್ಟೆಯ ಮೇಲಿದ್ದ ನಮ್ಮವರ ಹತ್ತಿರ ಹೋಗಿ ಕೂತೆ. ಇಷ್ಟು ವರ್ಷ ನಾನು ಹಾಗೆ ಪ್ರಾರ್ಥಿಸುವಾಗ ಬೇಜಾರಾಗಲಿಲ್ಲವೇ ಎಂದು ಕೇಳಿದೆ. ಅವರು ಬೀದಿಯನ್ನೇ ನೋಡುತ್ತ ಅಂದರು, "ಆಗತಿತ್ತು. ಜೋರಾಗಿ ಆಮೆನ್ ಅಂದ್ರ ಲಗೂನ ಮುಗಿತೈತಿ ಅಂತ ಅಂತಿದ್ದೆ."

ಮರುದಿನ ನಾನು ಕರ್ತನ ಭೋಜನಕ್ಕೆ ಎದ್ದು ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಮೂವತ್ತು ವರ್ಷದಿಂದ ಪ್ರಾರ್ಥಿಸುತ್ತಿದ್ದೆನಲ್ಲ, ಆವತ್ತು ನೋಡಿದರೆ ಒಂದು ಮಾತೂ ಹುಟ್ಟಲಿಲ್ಲ. ಇನ್ನೊಬ್ಬರ ತಪ್ಪು ತೆಗೆದುಹಾಕಿದರೆ ನನ್ನ ಪ್ರಾರ್ಥನೆಯಲ್ಲಿ ಉಳಿಯುವುದು "ತಂದೆಯೇ" ಮತ್ತು "ಆಮೆನ್", ಅಷ್ಟೇ.

ಕೆಡಿಸಿದ ಜಾಗದಲ್ಲೇ ಸರಿಪಡಿಸಬೇಕಿತ್ತು. ಬುಧವಾರ ನನ್ನ ಸರದಿ ಬಂತು. "ಕರ್ತನೇ, ನಾನು ಹೇಳಿದ ಆ ನಾಲಿಗೆ ಗೋಡೆಯ ಆಚೆ ಇರಲಿಲ್ಲ. ಈಚೆ ಇತ್ತು. ನನ್ನದೇ ಅದು. ನನ್ನ ಮಗಳಿಗೂ ಗಂಡನಿಗೂ ಪಕ್ಕದ ಮನೆಯ ನನ್ನ ತಂಗಿಗೂ ಅದರಿಂದ ನೋವಾಗಿದೆ. ನನ್ನನ್ನು ಕ್ಷಮಿಸು." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯಮ್ಮ ಪಿಸುಗುಟ್ಟಿದರು, "ಮೈಯಾಗ ಹುಷಾರಿಲ್ಲೇನ್ರಿ ಟೀಚರ್?" ಕಟ್ಟೆಯ ಕಡೆಯಿಂದ ಆಮೆನ್ ಬರಲಿಲ್ಲ, ಬದಲಿಗೆ ನಮ್ಮವರು ಮೂಗು ಸೀಟಿಕೊಂಡದ್ದು ಕೇಳಿಸಿತು. 

ಮರುದಿನ ನಲ್ಲಿಯಲ್ಲಿ ಅವಳು ತನ್ನ ಕೊಡ ಸರಿಸಿ ನನಗೆ ಜಾಗ ಕೊಟ್ಟಳು. "ಹಿಡೀರಿ, ಟೀಚರಮ್ಮ." ರೊಟ್ಟಿಯ ಸದ್ದು ನಿಧಾನವಾಗಿ ಮೊದಲಿನಂತಾಯಿತು. ಯುಗಾದಿಗೆ ಹೋಳಿಗೆಯೂ ಬಂತು. ಆದರೆ ಅಕ್ಕಾ ಬರಲಿಲ್ಲ. ಅದೊಂದು ಮಾತಿಗಾಗಿ ನಾನು ವರ್ಷವಿಡೀ ಕಿವಿ ತೆರೆದುಕೊಂಡೇ ಇದ್ದೆ. ಕೇಳಿ ಪಡೆಯುವ ಮಾತಲ್ಲವಲ್ಲ ಅದು.

ಆ ವರ್ಷ ನಾನು ಪ್ರಾರ್ಥನೆಯನ್ನು ಒಂದನೇ ತರಗತಿಯ ಮಕ್ಕಳಂತೆ ಮೊದಲಿನಿಂದ ಕಲಿತೆ. ಯಾರ ಮೇಲಾದರೂ ಸಿಟ್ಟು ಬಂದರೆ ಅವರಿಗೇ ಹೇಳುವುದು, ಹೇಳುವಷ್ಟು ದೊಡ್ಡದಲ್ಲದಿದ್ದರೆ ನುಂಗುವುದು. ನಲ್ಲಿಯ ವಾಷರ್ ನಾನೇ ತಂದೆ. ಐದು ನಿಮಿಷದ ಕೆಲಸ. ಅಷ್ಟಕ್ಕೆ ಆಕಾಶ ಭೂಮಿ ಮಾಡಿದ ದೇವರನ್ನು ಮೂರು ತಿಂಗಳು ಹಿಡಿದುಕೊಂಡು ಕೂತಿದ್ದೆ! ಸಿಟ್ಟು ಪೂರ್ತಿ ಹೋಯಿತು ಅನ್ನಲಾರೆ, ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಹರಪನಹಳ್ಳಿಯಿಂದ ಮಗಳಿಗೆ ಇನ್ನೊಂದು ಸಂಬಂಧ ಬಂದಾಗ ಹುಡುಗನ ತಾಯಿಗೆ ನಾನೇ ಹೇಳಿದೆ, "ಮೊದಲು ಒಂದು ಬುಧವಾರ ಬಂದು ನನ್ನ ಪ್ರಾರ್ಥನಿ ಕೇಳಿಬಿಡ್ರಿ." ಬಂದು ಕೇಳಿದರು. ಎರಡು ನಿಮಿಷದ ಪ್ರಾರ್ಥನೆ. ಮದುವೆ ಆಯಿತು, ಮಗಳು ಮತ್ತೆ ಗುನುಗತೊಡಗಿದಳು.

ಮಗಳು ಗಂಡನ ಮನೆಗೆ ಹೋದ ಮೇಲೆ, ಒಂದು ದಿನ ಪಕ್ಕದ ಮನೆಯ ಯಜಮಾನರು ನಮ್ಮವರ ಹತ್ತಿರ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಅವಳ ಗಂಟಲಲ್ಲಿ ಗಡ್ಡೆ. ದಾವಣಗೆರೆಯಲ್ಲಿ ಆಪರೇಷನ್ ಆಗಬೇಕು. ಆಮೇಲೆ ದನಿ ಉಳಿಯುವುದು ಖಾತ್ರಿಯಿಲ್ಲ ಅಂದಿದ್ದಾರೆ ಡಾಕ್ಟರು. ದನಿ ಉಳಿಯಿತು, ತುಸು ಒಡಕಾಯಿತು ಅಷ್ಟೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಯಾವ ನಾಲಿಗೆಯನ್ನು ನಾನು ಹತ್ತು ಮಂದಿಯ ಮುಂದೆ ಹಿಡಿದೆಳೆದಿದ್ದೆನೋ ಅದರ ಮಾತೇ ನಿಂತುಹೋಗಬಹುದು ಅಂದರೆ ಜೀವ ಹಿಡಿಯಷ್ಟಾಯಿತು. ದಿನವೂ ಅವಳಿಗಾಗಿ ಮನಸ್ಸಿನಲ್ಲೇ ಬೇಡಿಕೊಂಡೆ. ಬಾಯಿ ಬಿಟ್ಟು ಅವಳ ಹೆಸರು ತೆಗೆಯುವ ಹಕ್ಕು ನನಗಿದೆ ಅಂತ ಅನ್ನಿಸಲಿಲ್ಲ.

ಅವರು ದಾವಣಗೆರೆಗೆ ಹೊರಡುವ ಹಿಂದಿನ ದಿನ ಬುಧವಾರ. ಕೂಟದಲ್ಲಿ ಎಲ್ಲರ ಪ್ರಾರ್ಥನೆ ಮುಗಿದು ನನ್ನ ಸರದಿ ಬಂತು. ನಾನು ಕಣ್ಣು ಮುಚ್ಚಿ ಸುಮ್ಮನೆ ಕೂತೆ. ಆಚೆ ರೊಟ್ಟಿ ಬಡಿಯುವ ಸದ್ದು ನಡೆದಿತ್ತು. ಇದ್ದಕ್ಕಿದ್ದಂತೆ ನಿಂತಿತು.

"ಅಕ್ಕಾ."

ಚಾಪೆಯ ಮೇಲಿದ್ದವರೆಲ್ಲ ತಲೆಯೆತ್ತಿ ಗೋಡೆಯ ಮೇಲಿನ ಸಂದನ್ನು ನೋಡಿದರು.

"ಅಕ್ಕಾ, ನಾಳಿ ಬೆಳಿಗ್ಗಿ ಬಸ್ಸಿಗಿ ಹೊಂಟೀವಿ. ಕೊಟ್ಟೂರ ಗುಡಿಗಿ ಹೋಗಿ ಬೇಡ್ಕೊಂಡು ಬಂದೀನಿ. ನೀವೂ ನಿಮ್ಮ ದೇವರಿಗಿ ಒಂದ್ ಮಾತು ಹೇಳ್ರಿ. ನನ್ನ ಹೆಸರು ಹಿಡಿದು ಹೇಳ್ರಿ. ಮನಸಿನ್ಯಾಗ ಬ್ಯಾಡ, ಬಾಯಿ ಬಿಟ್ಟು ಹೇಳ್ರಿ. ನನಗ ಕೇಳಿಸಬೇಕು."

ನಾನು ಅವಳ ಹೆಸರು ಹಿಡಿದು ಹೇಳಿದೆ. "ಕರ್ತನೇ, ಇವಳು ನನ್ನ ತಂಗಿ. ಇವಳ ದನಿ ನನಗೆ ಬೇಕು. ದಯಮಾಡಿ ಉಳಿಸಿಕೊಡು." ಅಷ್ಟಕ್ಕೇ ನಿಲ್ಲಿಸಿ ಆಮೆನ್ ಅಂದೆ.

 ಗೋಡೆಯಾಚೆಯಿಂದ ಅವಳು ಅಂದಳು, "ಅಷ್ಟಾ? ನನ್ನ ಬೈಯುವಾಗ ಒಂದ್ ತಾಸು ಮಾಡಿದ್ರಿ. ಇನ್ನೊಂದೀಟು ಮಾಡ್ರಿ, ಅಕ್ಕಾ."

ಹೆಂಗಸರೆಲ್ಲ ಸೆರಗು ಅಡ್ಡ ಹಿಡಿದು ನಕ್ಕರು. ನಾನು ನಗುತ್ತ ಅಳುತ್ತ ಮತ್ತೆ ಕಣ್ಣು ಮುಚ್ಚಿದೆ. ಆವತ್ತು ಅವರ ಮನೆಯಲ್ಲಿ ರೊಟ್ಟಿ ತಡವಾಯಿತು. ನಾನು ಮುಗಿಸುವವರೆಗೂ ಅವಳು ಕೇಳುತ್ತ ಕೂತಿದ್ದಳು.