ಹೆಸರು ಕೂಗುವವನ ಹೆಂಡತಿ

ನಮ್ಮ ಬ್ಯಾಂಡಿನಲ್ಲಿ ಲೊಫೆಂಬೆಯ ಕೆಲಸ ಹಾಡುವುದಲ್ಲ, ಕೂಗುವುದು. ಗಿಟಾರು ವೇಗ ಹಿಡಿದು ಜನ ಸೊಂಟ ಕುಣಿಸತೊಡಗಿದಾಗ, ದುಡ್ಡು ಕೊಟ್ಟ ದೊಡ್ಡಮನುಷ್ಯರ ಹೆಸರನ್ನು ಮೈಕಿನಲ್ಲಿ ಕೂಗಿ ಹೊಗಳಬೇಕು. ಕಿನ್ಶಾಸಾದ ಕಟುಕರು, ಟಯರು ವ್ಯಾಪಾರಿಗಳು, ಬಂದರಿನ ಸಾಹೇಬರು, ಅವರ ಗುಟ್ಟಿನ ಗೆಳತಿಯರು, ಎಲ್ಲರೂ ಇವನ ನಾಲಿಗೆಯ ತುದಿಯಲ್ಲೇ. ಚೀಟಿ ಬೇಡ. ಹಿಂದೆ ಕೂತು ಡ್ರಮ್ಮು ಬಡಿಯುವ ನನಗೆ ಅವನ ಬೆವರಿದ ಬೆನ್ನಷ್ಟೇ ಪ್ರಾಪ್ತಿ.

ಈ ತಿಂಗಳು ಅವನನ್ನು ಹಿಡಿಯುವವರಿರಲಿಲ್ಲ. ಬಂಡಾಲ ಬಡಾವಣೆಯ ಮದುವೆಯಲ್ಲಿ ಜನ ಕುಣಿದು ಕುರ್ಚಿ ಮುರಿದರು. ಲೆಂಬಾದ ಬಾರಿನಲ್ಲಿ ಮೂರು ಸಲ ‘ಇನ್ನೊಮ್ಮೆ’ ಅಂದರು. ಮನೆಯಲ್ಲೂ ಸೋರುವ ನಲ್ಲಿಯನ್ನು ತಾನೇ ರಿಪೇರಿ ಮಾಡಿದ, ಎರಡು ಭಾನುವಾರ ಬಿಯರು ಮುಟ್ಟಲಿಲ್ಲ. ಅದನ್ನು ಅವನ ಬಾಯಲ್ಲೇ ಕೇಳಿ ಕೇಳಿ ನಮ್ಮ ಕಿವಿ ತೂತಾಯಿತು.

ಅವನ ಹೆಂಡತಿ ಮಾಮಾ ಪ್ಲಾಮೆಡಿ (ನಮ್ಮಲ್ಲಿ ಮಾಮಾ ಅಂದರೆ ಅಮ್ಮ) ಬೀದಿ ತುದಿಯಲ್ಲಿ ಹಿಟ್ಟಿನುಂಡೆ ಕರಿದು ಮಾರುತ್ತಾಳೆ. ಒಂದು ದಿನ ನಮ್ಮೆದುರೇ ಜಾಲರಿ ಸೌಟು ಎತ್ತಿದಳು.

“ಆ ಟಯರ್ ಮಾರೋನ ಹೆಸ್ರು ಹದಿಮೂರು ಸಲ ಕೂಗ್ತೀಯ. ಇಪ್ಪತ್ತೆರಡು ವರ್ಷ ಬೇಯ್ಸಿ ಹಾಕಿದೀನಿ, ನನ್ ಹೆಸ್ರು ಒಂದ್ಸಲನಾದ್ರೂ ಬಂತಾ? ಭಾನುವಾರ ನಿಮ್ ಕುಣಿತಕ್ಕೆ ಬರ್ತೀನಿ. ಕೂಗ್ಲಿಲ್ವೋ, ಮನೆ ಕಡೆ ತಲೆ ಹಾಕ್ಬೇಡ.”

“ಪುಕ್ಕಟೆ ಕೂಗಿದ್ರೆ ನಾಳೆ ಊರೇ ಬಂದು ನಿಲ್ಲುತ್ತೆ ಕಣೇ!”

“ಪುಕ್ಕಟೆ ಯಾರ್ ಕೇಳಿದ್ರು?”

ಭಾನುವಾರ ಮಧ್ಯಾಹ್ನ ಬಂದೇಬಿಟ್ಟಳು. ಕುಣಿಯುವವರನ್ನು ಸರಿಸಿ, ದುಡ್ಡು ಕೊಡುವ ದೊಡ್ಡಮನುಷ್ಯರ ಹಾಗೆಯೇ ಎಣ್ಣೆ ಮೆತ್ತಿದ ನೋಟೊಂದನ್ನು ಗಂಡನ ಹಣೆಗೆ ಅಂಟಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

“ಮಾಮಾ ಪ್ಲಾಮೆಡೀ!” ಎಂದು ಕಿರುಚಿದ. ಸಭೆಯಲ್ಲಿ ನಾಲ್ವರು ಹೆಂಗಸರು ಎದ್ದು ಕೈಬೀಸಿದರು. ನಮ್ಮಲ್ಲಿ ಪ್ಲಾಮೆಡಿಗಳಿಗೇನು ಬರ?

“ಅದು ಮಗನ ಹೆಸ್ರು. ನಂದು ಕೂಗು.”

ಲೊಫೆಂಬೆ ಬಾಯಿ ತೆರೆದ. ಹೆಸರೇ ನೆನಪಿಗೆ ಬರಲಿಲ್ಲ. ಮಗ ಹುಟ್ಟಿದಂದಿನಿಂದ ಊರೆಲ್ಲ, ಅವನೂ ಸೇರಿ, ಅವಳನ್ನು ಮಗನ ತಾಯಿಯೆಂದೇ ಕರೆದದ್ದು. ಸಾವಿರ ಹೆಸರಿನ ಆಸಾಮಿ ನನ್ನತ್ತ ತಿರುಗಿ ಕಣ್ಣಲ್ಲೇ ಕೇಳಿದ. ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳ ಕೈಯ ತಿಂಡಿ ತಿಂದವನಿಗೆ ನಾಚಿಕೆಯಾಯಿತು. ಗಿಟಾರು ನಿಂತಿತು.

ಅವಳು ಮೈಕು ಕಿತ್ತುಕೊಂಡಳು.

“ಬೊಲುಂಬು ಎಯೆಂಗಾ! ಎಂಬಂಡಾಕಾ ಊರಿನ ದೋಣಿಯವನ ಹಿರೀ ಮಗಳು! ಬೊಲುಂಬು ಎಯೆಂಗಾ!”

ಎಂಥ ಗಂಟಲು! ನಾನು ಡ್ರಮ್ಮು ಬಡಿದೆ. ಇಡೀ ಸಭೆ ಆ ಹೆಸರು ಕೂಗುತ್ತ ಕುಣಿಯಿತು. ಕೊನೆಗೆ ಮೈಕು ಅವನ ಕೈಗಿಟ್ಟು, ಹಣೆಯ ನೋಟನ್ನು ಕಿತ್ತುಕೊಂಡಳು.

“ಕೂಗಿದ್ದು ನಾನು” ಎಂದು ಹೊರಟೇಹೋದಳು.

ಲೊಫೆಂಬೆ ಬ್ಯಾಂಡು ಬಿಟ್ಟು ಹಿಂದೆಯೇ ಓಡಿದ. ದಾರಿಯುದ್ದಕ್ಕೂ ಮೈಕಿಲ್ಲದೆ ಅವಳ ಹೆಸರು ಕೂಗಿದನಂತೆ. ನಾವು ಸಾಮಾನು ಕಟ್ಟಿಕೊಂಡು ಹೋದಾಗಲೂ ತನ್ನ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತು, ಗಂಟಲು ಬಿದ್ದು, “ಬೊಲುಂಬು ಎಯೆಂಗಾ” ಅನ್ನುತ್ತಿದ್ದ.

“ಕೇಳಿಸ್ಲಿಲ್ಲ” ಅಂದಳು ಒಳಗಿನಿಂದ.